ಕೊಟ್ಟ ಸಾಲು, ಕಟ್ಟುವ ಮಾತು

ಬರೆಯಲು ಕೂತವರಿಗೆ ಹೊರಗಿನಿಂದ ಕೊಡುವ ಒಂದು ಪದ, ಅರ್ಧ ಸಾಲು, ಒಂದು ಪ್ರಶ್ನೆ ಅಥವಾ ಒಂದು ಕಟ್ಟುಪಾಡನ್ನು ಈಗ ಬರವಣಿಗೆಯ ಶಿಬಿರಗಳಲ್ಲಿ ‘ಪ್ರಾಂಪ್ಟ್’ ಎಂದು ಕರೆಯುತ್ತಾರೆ. ‘ಮನೆಯ ಬಾಗಿಲ ಸದ್ದನ್ನು ಬರೆಯಿರಿ’, ‘ಬೆಳಿಗ್ಗೆ ಎದ್ದ ಮೇಲೆ ಮೊದಲು ಮುಟ್ಟಿದ ವಸ್ತು ಯಾವುದು’, ‘ಅಡುಗೆಮನೆಯ ಬಗ್ಗೆ ಬರೆಯಿರಿ, ಆದರೆ ಊಟದ ಮಾತು ಬರಕೂಡದು’: ಅದರ ರೂಪ ಇಷ್ಟು ಸರಳ. ಖಾಲಿ ಹಾಳೆಯ ಅಂಜಿಕೆ ಕಳೆಯುವುದು ಇದರ ಮೊದಲ ಉಪಯೋಗ. ಅದಕ್ಕಿಂತ ದೊಡ್ಡ ಉಪಯೋಗ ಇನ್ನೊಂದಿದೆ. ಬರೆಯುವವರಿಗೆ ತಮ್ಮ ರೂಢಿಗಳು ಯಾವುವೆಂದು ಇದರಿಂದ ತಿಳಿಯುತ್ತದೆ. ದಿನವೂ ಯೋಚಿಸದೆ ಮಾಡುವ ಕೆಲಸಗಳ ರೂಢಿ, ಯೋಚಿಸದೆ ಆಡುವ ಮಾತಿನ ರೂಢಿ ಎರಡೂ ಹಾಳೆಯ ಮೇಲೆ ಬಂದು ಕೂರುತ್ತವೆ. ಅವನ್ನು ಕಂಡ ಮೇಲೆಯೇ ಅವುಗಳ ಆಚೆ ಹೋಗುವ ದಾರಿ ಸಿಗುತ್ತದೆ.

ಕರ್ನಾಟಕದಲ್ಲಿ ಓದಿದವರೆಲ್ಲ ಒಂದು ಪ್ರಾಂಪ್ಟ್‌ಗೆ ಉತ್ತರ ಬರೆದೇ ಬಂದವರು. ಶಾಲೆಯ ಕನ್ನಡ ಪರೀಕ್ಷೆಯ ಗಾದೆ ವಿಸ್ತರಣೆ ಅದು. ಯಾವ ಗಾದೆಯನ್ನೇ ಕೊಡಲಿ, ಉತ್ತರದ ಮೊದಲ ಸಾಲು ಗಾದೆಗಳು ವೇದಗಳಿಗೆ ಸಮಾನ ಎಂದೇ ಇರುತ್ತದೆ. ಎರಡನೆಯದು ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು. ಕಲಬುರಗಿಯ ಹುಡುಗ, ಕೋಲಾರದ ಹುಡುಗಿ, ಕಾರವಾರದ ಇನ್ನೊಬ್ಬರು ಒಬ್ಬರನ್ನೊಬ್ಬರು ನೋಡದೆಯೇ ಇದನ್ನು ಬರೆಯುತ್ತಾರೆ. ಇದರಲ್ಲಿ ಮಕ್ಕಳ ತಪ್ಪಿಲ್ಲ. ಅಂಕ ಬರುವ ದಾರಿಯನ್ನು ಅವರಿಗೆ ಹಾಗೆ ಕಲಿಸಲಾಗಿದೆ. ಗಾದೆ ಒಳ್ಳೆಯ ಎಳೆಯೇ. ಆದರೆ ಮೊದಲು ಹೊಳೆದ ಉತ್ತರಕ್ಕೇ ಪೂರ್ತಿ ಅಂಕ ಸಿಗುವುದರಿಂದ ಎರಡನೆಯ ಉತ್ತರವನ್ನು ಹುಡುಕುವ ಅಗತ್ಯ ಯಾರಿಗೂ ಬೀಳುವುದಿಲ್ಲ.

ಈ ‘ಎರಡನೆಯ ಉತ್ತರ’ದ ವಿಚಾರವನ್ನು ಮನಶ್ಶಾಸ್ತ್ರಜ್ಞರು ಸಾಕಷ್ಟು ಪರೀಕ್ಷಿಸಿದ್ದಾರೆ. ಅಮೆರಿಕದ ಜೆ.ಪಿ. ಗಿಲ್ಫರ್ಡ್ 1950ರಲ್ಲಿ ಅಲ್ಲಿನ ಮನಶ್ಶಾಸ್ತ್ರ ಸಂಘದ ಅಧ್ಯಕ್ಷರಾಗಿ ಮಾಡಿದ ಭಾಷಣದಲ್ಲಿ ಸೃಜನಶೀಲತೆಯ ಅಧ್ಯಯನಕ್ಕೆ ಕರೆ ಕೊಟ್ಟರು. ಆಮೇಲೆ ಅವರು ರೂಪಿಸಿದ ಪರೀಕ್ಷೆಗಳಲ್ಲಿ ಒಂದು ಬಹಳ ಹೆಸರಾಯಿತು: ಒಂದು ಇಟ್ಟಿಗೆಯನ್ನು ಯಾವ ಯಾವ ಕೆಲಸಕ್ಕೆ ಬಳಸಬಹುದು, ಪಟ್ಟಿ ಮಾಡಿ. ಗೋಡೆ ಕಟ್ಟಲು ಎಂದು ಎಲ್ಲರೂ ಬರೆಯುತ್ತಾರೆ. ಹೆಚ್ಚಿನವರು ಬರೆಯದ ಉತ್ತರವನ್ನು ಯಾರು ಬರೆದರೋ ಅವರಿಗೆ ಸ್ವಂತಿಕೆಯ ಅಂಕ. ಗಿಲ್ಫರ್ಡ್ ಮತ್ತು ಇಬ್ಬರು ಸಂಗಡಿಗರು 1957ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸಂಗತಿ ಸ್ಪಷ್ಟವಾಯಿತು. ಹೊತ್ತು ಕಳೆದಂತೆ ಉತ್ತರಗಳ ಸಂಖ್ಯೆ ಇಳಿಯುತ್ತದೆ, ಆದರೆ ಬರುವ ಉತ್ತರಗಳು ಹೆಚ್ಚು ಹೆಚ್ಚು ಅಪರೂಪದವಾಗುತ್ತವೆ. ಮೊದಲು ಬಾಯಿಗೆ ಬರುವುದು ಎಲ್ಲರ ಮಾತು. ತಡವಾಗಿ ಬರುವುದರಲ್ಲಿ ತನ್ನದು ಇರುವ ಸಂಭವ ಹೆಚ್ಚು. ಬರವಣಿಗೆ ಕಲಿಸುವವರು ‘ಹತ್ತು ಉತ್ತರ ಬರೆಯಿರಿ, ಮೊದಲ ಐದನ್ನು ಹೊಡೆದುಹಾಕಿ’ ಎಂದು ಹೇಳುವುದು ಈ ಕಾರಣಕ್ಕೇ.

ದಿನನಿತ್ಯದ ರೂಢಿಯ ಬಗ್ಗೆ ಬರೆಯುವುದು ಸುಲಭವೆಂದು ತೋರುತ್ತದೆ. ನಿಜಕ್ಕೂ ಅದು ಕಷ್ಟ. ವೆಂಡಿ ವುಡ್ ಮತ್ತು ಅವರ ಜತೆಗಾರರು 2002ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಜನರಿಗೆ ಗಂಟೆಗೊಮ್ಮೆ ಸಂಕೇತ ಕೊಟ್ಟು, ಆ ಕ್ಷಣ ಮಾಡುತ್ತಿದ್ದುದೇನು, ಯೋಚಿಸುತ್ತಿದ್ದುದೇನು ಎಂದು ಬರೆದಿಡಲು ಹೇಳಿದ್ದರು. ದಾಖಲಾದ ಕೆಲಸಗಳಲ್ಲಿ ಸುಮಾರು ಶೇ. 43ರಷ್ಟು ಹೆಚ್ಚುಕಡಿಮೆ ದಿನವೂ, ಅದೇ ಜಾಗ ಅದೇ ಸಂದರ್ಭದಲ್ಲಿ ನಡೆಯುವಂಥವು. ಅಂಥ ಕೆಲಸ ನಡೆಯುವಾಗ ಮನಸ್ಸು ಬಹಳ ಸಲ ಬೇರೆಲ್ಲೋ ಇತ್ತು. ಮನಸ್ಸು ಇಲ್ಲದ ಕಡೆ ನೆನಪೂ ಉಳಿಯುವುದಿಲ್ಲ. ಲಿಯೋ ಟಾಲ್‌ಸ್ಟಾಯ್ ತಮ್ಮ ದಿನಚರಿಯಲ್ಲಿ ಇದನ್ನೇ ಗುರುತಿಸಿದ್ದರು: ಕೋಣೆಯ ಧೂಳು ಒರೆಸುತ್ತ ಸೋಫಾದ ಬಳಿ ಬಂದಾಗ, ಅದನ್ನು ಆಗಲೇ ಒರೆಸಿದ್ದೇನೋ ಇಲ್ಲವೋ ಎಂದು ಅವರಿಗೆ ನೆನಪಾಗಲಿಲ್ಲ. ಯಾರೂ ಗಮನಿಸದೆ ಕಳೆದ ಬದುಕು ಇಲ್ಲವೇ ಇಲ್ಲದಂತೆ ಎಂಬ ನಿರ್ಧಾರಕ್ಕೆ ಅವರು ಬಂದರು. ರಷ್ಯದ ವಿಮರ್ಶಕ ವಿಕ್ಟರ್ ಶ್ಕ್ಲೋವ್‌ಸ್ಕಿ 1917ರ ತನ್ನ ಪ್ರಬಂಧದಲ್ಲಿ ಈ ದಿನಚರಿಯನ್ನು ಮುಂದಿಟ್ಟುಕೊಂಡು, ರೂಢಿ ನುಂಗಿದ್ದನ್ನು ಮತ್ತೆ ಕಾಣುವಂತೆ ಮಾಡುವುದೇ ಕಲೆಯ ಕೆಲಸ ಎಂದು ವಾದಿಸಿದ. ಒಳ್ಳೆಯ ಪ್ರಾಂಪ್ಟ್ ಮಾಡುವುದೂ ಇದನ್ನೇ.

ಹೆಸರು ಹೊಸದಾದರೂ ಪದ್ಧತಿ ಕನ್ನಡಕ್ಕೆ ಹೊಸದಲ್ಲ. ಕಲಬುರಗಿ ಸೀಮೆಗಂತೂ ಅಲ್ಲವೇ ಅಲ್ಲ. ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದ ಮೇಲಿರುವ ಮಳಖೇಡ, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನಿಂದ ರಚಿತವಾದ ‘ಕವಿರಾಜಮಾರ್ಗ’ ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ಗ್ರಂಥ. ಅದು ಕಥೆಯಲ್ಲ, ಪುರಾಣವಲ್ಲ. ಬರೆಯುವವರಿಗಾಗಿ ಬರೆದ ಕೈಪಿಡಿ. ಯಾವ ಪ್ರಯೋಗ ದೋಷ, ಯಾವುದು ಗುಣ ಎಂದು ಉದಾಹರಣೆ ಕೊಟ್ಟು ತೋರಿಸುತ್ತದೆ. ಓದು ಕಲಿಯದವರೂ ಕಾವ್ಯ ಕಟ್ಟುವುದರಲ್ಲಿ ಜಾಣರು ಎಂದು ಈ ನಾಡಿನ ಜನರನ್ನು ಮೆಚ್ಚುತ್ತದೆ. ಮನಸ್ಸಿನಲ್ಲಿರುವುದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳಬಲ್ಲವನು ಮಾತು ಬಲ್ಲವನು, ಕಿರಿದರಲ್ಲಿ ಹಿರಿದನ್ನು ಹೇಳಬಲ್ಲವನು ಅವನಿಗಿಂತ ನಿಪುಣ ಎಂದು ಮೆಟ್ಟಿಲು ಮೆಟ್ಟಿಲಾಗಿ ವಿವರಿಸುತ್ತದೆ. ಇಂದಿನ ಯಾವ ತರಗತಿಯಲ್ಲಾದರೂ ಇದನ್ನೇ ಅಭ್ಯಾಸವಾಗಿ ಕೊಡಬಹುದು: ಒಂದು ಪುಟದಲ್ಲಿ ಬರೆದದ್ದನ್ನು ಮೂರು ಸಾಲಿಗೆ ಇಳಿಸಿ, ಏನು ಕಳೆಯಿತು ಎಂದು ನೋಡಿ.

ಪ್ರಾಂಪ್ಟ್‌ನ ಅತ್ಯಂತ ಕಠಿಣ ರೂಪ ಇರುವುದು ಅವಧಾನ ಕಲೆಯಲ್ಲಿ. ಅಷ್ಟಾವಧಾನದಲ್ಲಿ ಪ್ರಶ್ನೆ ಒಡ್ಡುವ ಎಂಟು ಪೃಚ್ಛಕರು, ಆ ಕ್ಷಣಕ್ಕೇ ಪದ್ಯ ಕಟ್ಟಿ ಉತ್ತರಿಸುವ ಅವಧಾನಿಯ ಎದುರು ಕೂರುತ್ತಾರೆ. ಅವಧಾನಿ ಕಾಗದ ಮುಟ್ಟುವಂತಿಲ್ಲ. ಒಬ್ಬ ಪೃಚ್ಛಕ ಅರ್ಥವೇ ಇಲ್ಲದಂತೆ ಕಾಣುವ, ಪದ್ಯದ ಒಂದು ಪಾದವನ್ನು ಒಡ್ಡುತ್ತಾನೆ. ಉಳಿದ ಪಾದಗಳನ್ನು ಕಟ್ಟಿ ಅದಕ್ಕೆ ಅರ್ಥ ತುಂಬಬೇಕು. ಇದು ಸಮಸ್ಯಾಪೂರಣ. ಇನ್ನೊಬ್ಬ ಪರಸ್ಪರ ಸಂಬಂಧವಿಲ್ಲದ ನಾಲ್ಕು ಪದ ಕೊಟ್ಟು, ಪಾದಕ್ಕೊಂದರಂತೆ ಅವನ್ನು ಸೇರಿಸಿ ಬೇರೆಯೇ ವಿಷಯದ ಮೇಲೆ ಪದ್ಯ ಹೇಳಲು ಕೇಳುತ್ತಾನೆ. ಇದು ದತ್ತಪದಿ. ಎಲ್ಲಕ್ಕಿಂತ ವಿಶೇಷವಾದದ್ದು ನಿಷೇಧಾಕ್ಷರಿ. ಅವಧಾನಿ ಒಂದು ಅಕ್ಷರ ನುಡಿದ ಕೂಡಲೇ, ಮುಂದೆ ಬರಬಹುದಾದ ಅಕ್ಷರವನ್ನು ಊಹಿಸಿ ಪೃಚ್ಛಕ ‘ಅದು ಬೇಡ’ ಎನ್ನುತ್ತಾನೆ. ಅವಧಾನಿ ಬೇರೆ ಅಕ್ಷರ, ಅದರಿಂದ ಬೇರೆ ಪದ, ಅದರಿಂದ ಬೇರೆ ಅರ್ಥ ಹುಡುಕಬೇಕು. ಪೃಚ್ಛಕ ಊಹಿಸಬಲ್ಲದ್ದೆಲ್ಲ ರೂಢಿ; ಅವನ ಊಹೆಗೆ ಸಿಗದೆ ಉಳಿದದ್ದು ಕವಿಯದು. ಸ್ವಂತಿಕೆಯನ್ನು ಇಷ್ಟು ಬಿಚ್ಚಿ ತೋರಿಸುವ ಅಭ್ಯಾಸ ಇನ್ನೊಂದಿರಲಾರದು. 1980ರ ದಶಕದಿಂದ ಶತಾವಧಾನಿ ಡಾ. ಆರ್. ಗಣೇಶ್ ಈ ಕಲೆಯನ್ನು ಕನ್ನಡದಲ್ಲಿ ಮತ್ತೆ ಜನರ ಮುಂದೆ ತಂದರು. ಫ್ರಾನ್ಸಿನಲ್ಲಿ 1960ರಲ್ಲಿ ಹುಟ್ಟಿದ ‘ಉಲಿಪೋ’ ಎಂಬ ಲೇಖಕರ ಬಳಗ ಇದೇ ಹಾದಿಯಲ್ಲಿ ಯೋಚಿಸಿತು. ಅದರ ಸದಸ್ಯ ಜಾರ್ಜ್ ಪೆರೆಕ್ ಫ್ರೆಂಚಿನಲ್ಲಿ ಅತಿ ಹೆಚ್ಚು ಬಳಕೆಯ ‘ಇ’ ಅಕ್ಷರವನ್ನೇ ಬಿಟ್ಟು 1969ರಲ್ಲಿ ಇಡೀ ಕಾದಂಬರಿ ಪ್ರಕಟಿಸಿದರು.

ಅವಧಾನ ಪಂಡಿತರದಾಯಿತು. ಕಲಬುರಗಿ, ಅದೇ ಜಿಲ್ಲೆಯ ಕಮಲಾಪುರದ ಮನೆಗಳಲ್ಲಿ ಅಕ್ಷರ ಕಲಿಯದವರೂ ಉತ್ತರ ಕಟ್ಟುವ ಪ್ರಾಂಪ್ಟ್ ಒಂದಿದೆ, ಅದು ಒಡಪು. ಹೊಸ ಮದುಮಗಳು ಗಂಡನ ಮನೆಯ ಹೊಸ್ತಿಲಿಗೆ ಬಂದಾಗ ನಾದಿನಿಯರು ಬಾಗಿಲು ಕಟ್ಟಿ ನಿಲ್ಲುತ್ತಾರೆ. ‘ಹೆಸರ ಹೇಳವ್ವಾ, ಹೇಳಿದ್ರೇನೇ ಒಳಗ ಬಿಡೂದು’ ಎಂದು ಕಾಡುತ್ತಾರೆ. ಕುಬುಸದ ದಿನ, ತೊಟ್ಟಿಲಿಗೆ ಹಾಕುವ ದಿನ ಮತ್ತೆ ಅದೇ ಒತ್ತಾಯ. ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ. ಪ್ರಾಸದ ಎರಡು ಸಾಲಿನೊಳಗೆ ಕೂರಿಸಿ ಹೇಳಬೇಕು. ಕೊಟ್ಟದ್ದು ಒಂದು ಹೆಸರು, ಒಂದು ಪ್ರಾಸದ ಕಟ್ಟು, ಸುತ್ತ ನಿಂತು ನಗಲು ಕಾದಿರುವ ಮಂದಿ. ಹೆಚ್ಚಿನವರು ಅವ್ವನಿಂದಲೋ ಆಯಿಯಿಂದಲೋ ಕಲಿತ ಒಡಪನ್ನೇ ಹೇಳುತ್ತಾರೆ. ಅದರಲ್ಲಿ ಬೆಳ್ಳಿ ಬಟ್ಟಲು, ಮಲ್ಲಿಗೆ ದಂಡೆ, ಬಂಗಾರದ ಬಳೆ ಬಂದೇ ಬರುತ್ತವೆ. ಆದರೆ ಗುಂಪಿನಲ್ಲಿ ಒಬ್ಬಾಕೆ ಆ ಕ್ಷಣಕ್ಕೆ ತನ್ನದೇ ಒಡಪು ಕಟ್ಟಿದರೆ ಇಡೀ ಪಡಸಾಲೆ ತಿರುಗಿ ನೋಡುತ್ತದೆ.

ವ್ಯತ್ಯಾಸ ಕಾಣಲು ಇಲ್ಲಿ ಹೊಸದಾಗಿ ಕಟ್ಟಿದ ಎರಡು ಒಡಪುಗಳನ್ನು ನೋಡಬಹುದು; ‘ನಮ್ಮ ರಾಯರು’ ಇದ್ದಲ್ಲಿ ಗಂಡನ ಹೆಸರು ಕೂರುತ್ತದೆ. ‘ಕಮಲಾಪುರದ ಹಾದ್ಯಾಗ ಕೆಂಪು ಬಾಳಿ ಗೊನಿ, ನಮ್ಮ ರಾಯರು ಇದ್ದಲ್ಲೇ ನನ್ನ ತವರು ಮನಿ’ ಎಂಬುದು ಒಂದು. ಇದರಲ್ಲಿ ಊರಿದೆ, ಪ್ರಾಸವಿದೆ. ಆದರೆ ಎರಡನೆಯ ಸಾಲನ್ನು ಯಾರ ಗಂಡನಿಗಾದರೂ ಅಂಟಿಸಬಹುದು. ‘ಸೂಪರ್ ಮಾರ್ಕೆಟ್ನ್ಯಾಗ ಸೀರಿ ಆರಿಸೂದು ಲೇಟು, ನಮ್ಮ ರಾಯರ ಕೈಯಾಗ ಬಸ್ಸಿನ ಎರಡು ಟಿಕೀಟು’ ಎಂಬುದು ಇನ್ನೊಂದು. ಇದರಲ್ಲಿ ಒಬ್ಬ ಮನುಷ್ಯ ಕಾಣುತ್ತಾನೆ. ಅವಸರ ಮಾಡದೆ, ಬೈಯದೆ, ಟಿಕೀಟು ಹಿಡಿದು ನಿಂತಿದ್ದಾನೆ. ಅವನ ಒಂದು ಅಭ್ಯಾಸ, ಅವಳ ಒಂದು ಅಭ್ಯಾಸ ಎರಡೂ ಎರಡು ಸಾಲಿನಲ್ಲಿ ಬಂದುಬಿಟ್ಟವು. ವೈಯಕ್ತಿಕ ರೂಢಿಯನ್ನು ಗಮನಿಸಿ ಬರೆದರೆ ಮಾತು ಹೊಸದಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೂರ ಹೋಗಬೇಕಿಲ್ಲ.

ಕಟ್ಟುಪಾಡು ಸ್ವಂತಿಕೆಯನ್ನು ಕೊಲ್ಲುತ್ತದೆ ಎಂಬ ಸಂಶಯ ಕೆಲವರಿಗಿದೆ. ಅದಕ್ಕೆ ಉತ್ತರ ಕಮಲಾಪುರ ದಾಟಿ ಹುಮನಾಬಾದ್ ಹಾದಿ ಹಿಡಿದರೆ ಸಿಗುವ ಬಸವಕಲ್ಯಾಣದಲ್ಲಿದೆ. ಹನ್ನೆರಡನೆಯ ಶತಮಾನದ ಶರಣರು ತಮ್ಮ ವಚನಗಳನ್ನು ಗೊತ್ತಾದ ಅಂಕಿತದಿಂದ ಮುಗಿಸುತ್ತಿದ್ದರು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮನಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ಕೊನೆ ಮೊದಲೇ ನಿಗದಿಯಾದ ಬರವಣಿಗೆ ಇದು, ಪ್ರತಿ ಸಲವೂ ಅದೇ ಹೆಸರಿಗೆ ಬಂದು ನಿಲ್ಲಬೇಕು. ಆದರೂ ಒಂದು ವಚನ ಇನ್ನೊಂದರ ನಕಲಾಗಲಿಲ್ಲ. ಕಾರಣ, ಅವರು ಮಾತನ್ನು ತೆಗೆದದ್ದು ತಮ್ಮ ಕಾಯಕದಿಂದ. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಮಡಿ ಮಾಡುವ ಮಡಿವಾಳ ಮಾಚಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ ದಿನವೂ ಕೈಯಾಡಿಸುತ್ತಿದ್ದ ಕೆಲಸವೇ ಅವರ ಅನುಭಾವದ ಭಾಷೆಗೆ ಒದಗಿತು. ಈ ಅಂಕಿತದ ಪದ್ಧತಿ ಕಲಬುರಗಿ ಸೀಮೆಯ ತತ್ವಪದಗಳಲ್ಲೂ ಮುಂದುವರಿಯಿತು. ಕಡಕೋಳ ಮಡಿವಾಳಪ್ಪನವರ ಪದಗಳು ಇಂದಿಗೂ ಏಕತಾರಿಯೊಂದಿಗೆ ಹಾಡಾಗಿ ಉಳಿದಿವೆ.

ಇನ್ನು ಅಭ್ಯಾಸದ ಮಾತು. ಕಲಬುರಗಿಯ ಒಂದು ತರಗತಿಗೆ ‘ಬೇಸಿಗೆಯ ಮಧ್ಯಾಹ್ನ’ ಎಂಬ ಎಳೆ ಕೊಟ್ಟರೆ ‘ಸುಡು ಬಿಸಿಲು’, ‘ಬೆಂಕಿಯಂಥ ಗಾಳಿ’, ‘ಕಾದ ಹಂಚಿನಂತಾದ ಭೂಮಿ’ ಬರುವುದು ಖಂಡಿತ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಊರಿನಲ್ಲಿ ಈ ಮಾತುಗಳು ಸುಳ್ಳಲ್ಲ. ಆದರೆ ಕಲಬುರಗಿಯನ್ನು ನೋಡದವರೂ ಇವನ್ನು ಬರೆಯಬಲ್ಲರು. ಎಳೆಗೆ ಒಂದು ನಿಷೇಧ ಸೇರಿಸಿದರೆ ಪರಿಸ್ಥಿತಿ ಬದಲಾಗುತ್ತದೆ: ಬಿಸಿಲು, ಸೂರ್ಯ, ಬೆಂಕಿ, ಸುಡು, ಬೆವರು ಎಂಬ ಪದಗಳು ಬರಕೂಡದು. ಆಗ ಬರೆಯುವವರು ತಮ್ಮ ದಿನವನ್ನೇ ನೋಡಬೇಕಾಗುತ್ತದೆ. ಎರಡು ಗಂಟೆಗೆ ಸ್ಕೂಟರ್ ಸೀಟಿನ ಮೇಲೆ ಒದ್ದೆ ಟವೆಲ್ ಹಾಸಿ ಕೂತ ಕಾಕಾ, ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುವ ಅಂಗಡಿ, ಮೇಲಿನ ಟ್ಯಾಂಕಿನ ನೀರು ಸ್ನಾನಕ್ಕೆ ಹದವಾಗಲೆಂದು ರಾತ್ರಿ ಎಂಟರವರೆಗೆ ಕಾಯುವ ಮನೆ, ಮಾಳಿಗೆಯ ಮೇಲೆ ನೀರು ಚಿಮುಕಿಸಿ ಹಾಸಿಗೆ ಹಾಸುವ ಆಯಿ. ಇದು ಒಂದು ಊರಿನ ಬೇಸಿಗೆ. ನಿಷೇಧಾಕ್ಷರಿಯ ತತ್ವವೇ ಇಲ್ಲಿ ಸರಳ ರೂಪದಲ್ಲಿ ಕೆಲಸ ಮಾಡಿತು.

ಕಮಲಾಪುರದಲ್ಲಾದರೆ ಕೆಂಪು ಬಾಳೆಹಣ್ಣು ಸಹಜವಾದ ವಿಷಯ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಹಣ್ಣಿನ ಬಗ್ಗೆ ಬರೆಯಿರಿ ಎಂದರೆ ‘ಕಮಲಾಪುರದ ಹೆಮ್ಮೆ’, ‘ಅದ್ಭುತ ರುಚಿ’ ಎಂದು ಲೇಖನಿ ತಾನೇ ಓಡುತ್ತದೆ. ಕೆಂಪು, ರುಚಿ, ಸಿಹಿ, ಹೆಮ್ಮೆ, ಪ್ರಸಿದ್ಧ ಎಂಬ ಐದು ಪದಗಳನ್ನು ತೆಗೆದಿಟ್ಟರೆ ಉಳಿಯುವುದು ಹಣ್ಣಿನ ಸುತ್ತಲಿನ ಮನೆ. ಸಾಮಾನ್ಯ ಬಾಳೆಗಿಂತ ಬೆಲೆ ಹೆಚ್ಚಿರುವುದರಿಂದ ಅದನ್ನು ಯಾವಾಗ ಕೊಳ್ಳುತ್ತಾರೆ, ಯಾರಿಗೆ ಮೊದಲು ಕೊಡುತ್ತಾರೆ? ಉತ್ತರ ಹೀಗೆ ಬರಬಹುದು: ‘ಬಂದ ಬೀಗರಿಗೆ ಎರಡು, ಮುತ್ಯಾಗೆ ಒಂದು, ಉಳಿದುದರಲ್ಲಿ ಮಕ್ಕಳಿಗೆ ಅರ್ಧರ್ಧ. ಸಿಪ್ಪೆಯನ್ನು ಎಮ್ಮೆ ತಿಂದು ಮುಗಿಸುವವರೆಗೂ ತಂಗಿ ಅಲ್ಲೇ ನಿಂತಿದ್ದಳು.’ ಹಣ್ಣಿನ ವರ್ಣನೆ ಒಂದೂ ಇಲ್ಲ. ಆದರೂ ಆ ಹಣ್ಣು ಆ ಮನೆಯಲ್ಲಿ ಎಷ್ಟು ಅಪರೂಪವೆಂದು ಗೊತ್ತಾಯಿತು.

ಇನ್ನೊಂದು ವಿಧಾನ ಕಣ್ಣು ಬದಲಿಸುವುದು. ರೊಟ್ಟಿ ಬಡಿಯುವವರು ತಮ್ಮ ಕೆಲಸವನ್ನು ತಾವೇ ಬರೆದರೆ ಅರ್ಧ ಹಂತಗಳು ಬಿಟ್ಟುಹೋಗುತ್ತವೆ, ಕೈಗೆ ಗೊತ್ತಿರುವುದು ಬಾಯಿಗೆ ಬರುವುದಿಲ್ಲ. ಜೋಳದ ರೊಟ್ಟಿಯನ್ನು ಎಂದೂ ಕಾಣದ ಪರಊರಿನ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆ ಎಂದುಕೊಂಡು ಬರೆದರೆ ಬಿಸಿನೀರು ಹಾಕಿ ನಾದಿದ್ದು, ಅಂಗೈ ತಿರುವಿದ್ದು, ಹಂಚಿನ ಮೇಲೆ ಹಾಕಿ ಒದ್ದೆ ಅರಿವೆ ಆಡಿಸಿದ್ದು, ಬಡಿಯುವ ಸದ್ದಿನ ಲಯ ಎಲ್ಲ ಬರುತ್ತವೆ. ಬಸ್ಸಿನಲ್ಲಿ ದಿನವೂ ಅದೇ ಕಿಟಕಿಯ ಸೀಟು ಹಿಡಿಯುವವರು ತಮ್ಮನ್ನು ಕಂಡಕ್ಟರ್ ಕಣ್ಣಿನಿಂದ ನೋಡಿ ಬರೆಯಬಹುದು. ಹತ್ತು ನಿಮಿಷ, ಪೆನ್ನು ಎತ್ತದೆ. ಹೀಗೆ ನಿಲ್ಲಿಸದೆ ಬರೆಯುವ ಪದ್ಧತಿಯನ್ನು ಅಮೆರಿಕದ ಅಧ್ಯಾಪಕ ಪೀಟರ್ ಎಲ್ಬೋ 1973ರ ತಮ್ಮ ಪುಸ್ತಕದ ಮೂಲಕ ಜನಪ್ರಿಯಗೊಳಿಸಿದರು. ತಿದ್ದುವ ಮನಸ್ಸನ್ನು ಸ್ವಲ್ಪ ಹೊತ್ತು ದೂರ ಇಡುವುದು ಅದರ ಉದ್ದೇಶ.

ಬರೆದಾದ ಮೇಲಿನ ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಲಾಭ ಇರುವುದು ಅದರಲ್ಲೇ. ಕೆಲವು ವಾರಗಳ ಬರಹಗಳನ್ನು ಒಟ್ಟಿಗೆ ಹರಡಿ ಓದಬೇಕು. ಎಲ್ಲವೂ ಬೆಳಗಿನಿಂದ ಶುರುವಾಗುತ್ತವೆಯೇ? ಪ್ರತಿಯೊಂದರ ಕೊನೆಯಲ್ಲಿ ನೀತಿ ಬರುತ್ತದೆಯೇ? ‘ಅದ್ಭುತ’, ‘ಸುಂದರ’, ‘ನೆನಪಿನ ಬುತ್ತಿ’ ಎಷ್ಟು ಸಲ ಬಂದಿವೆ? ಮನೆಯ ಗಂಡಸರು ಯಾರೂ ಮಾತನಾಡುವುದೇ ಇಲ್ಲವೇ? ಒಂದೇ ಎಳೆಗೆ ಬರೆದ ನಾಲ್ವರು ಕೂಡಿ ಓದಿದರೆ ಇನ್ನೂ ಚೆನ್ನು. ನಾಲ್ವರಲ್ಲೂ ಇರುವುದು ಎಲ್ಲರ ಮಾತು, ಒಬ್ಬರಲ್ಲಿ ಮಾತ್ರ ಇರುವುದು ಅವರದು. ಗಿಲ್ಫರ್ಡ್ ಅವರ ಅಳತೆಗೋಲು ಇದಕ್ಕಿಂತ ಬೇರೆಯಲ್ಲ.

ಹಾಗೆಂದು ಎಲ್ಲ ರೂಢಿಯನ್ನೂ ಕಿತ್ತೆಸೆಯಬೇಕಿಲ್ಲ. ನೋಡುವ ಶ್ರಮವನ್ನು ತಪ್ಪಿಸುವ ರೂಢಿ ಬೇರೆ, ನೋಡಲು ಕಲಿಸುವ ರೂಢಿ ಬೇರೆ. ಮನೆಮಾತು ಎರಡನೆಯ ಬಗೆಯದು. ಕಲಬುರಗಿ ಜಿಲ್ಲೆಯ ಸಾವಳಗಿಯಲ್ಲಿ 1942ರಲ್ಲಿ ಹುಟ್ಟಿದ ಗೀತಾ ನಾಗಭೂಷಣ ಈ ನೆಲದ ಬಡವರ, ದುಡಿಯುವ ಹೆಂಗಸರ ಆಡುಮಾತನ್ನೇ ಕಾದಂಬರಿಗೆ ತಂದರು. ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2010ರಲ್ಲಿ ಗದಗದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ‘ಖರೇ’, ‘ಭಾಳ’, ‘ಜಲ್ದಿ’, ‘ಮಾಡ್ಲಾಕತ್ತೀನಿ’ ಎನ್ನುವ ನಾಲಿಗೆ ಪುಸ್ತಕದ ಕನ್ನಡಕ್ಕೆ ಹೆದರಿ ಹಿಂದೆ ಸರಿಯುವುದನ್ನು ಈ ಭಾಗದ ತರಗತಿಗಳಲ್ಲಿ ದಿನವೂ ಕಾಣಬಹುದು. ಆ ಹೆದರಿಕೆಯಿಂದ ಕಳೆದುಹೋದ ಬರಹಗಾರರು ಎಷ್ಟೋ. ಆದ್ದರಿಂದ ಕಲಬುರಗಿ ಸೀಮೆಯ ಮಕ್ಕಳಿಗೆ ಕೊಡಬೇಕಾದ ಮೊದಲ ಪ್ರಾಂಪ್ಟ್ ‘ಮನೆಯಲ್ಲಿ ನಿನ್ನೆ ಕೇಳಿದ ಒಂದು ಜಗಳವನ್ನು ಕೇಳಿದ ಹಾಗೆಯೇ ಬರೆಯಿರಿ’ ಎಂಬುದು.

ಪ್ರಾಂಪ್ಟ್‌ನ ಅಪಾಯವೂ ಗೊತ್ತಿರಬೇಕು. ದಿನವೂ ಯಾರೋ ಎಳೆ ಕೊಟ್ಟರಷ್ಟೇ ಬರೆಯುವುದು ಇನ್ನೊಂದು ಜಡ ಅಭ್ಯಾಸವಾಗಬಲ್ಲದು. ಸ್ವಲ್ಪ ಕಾಲದ ಮೇಲೆ ತನ್ನ ಎಳೆಯನ್ನು ತಾನೇ ಹುಡುಕಲು ಕಲಿಯಬೇಕು. ಈಚೆಗೆ ಪ್ರಾಂಪ್ಟ್ ಎಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆ ಎಂದೇ ಮಕ್ಕಳು ತಿಳಿಯುತ್ತಿದ್ದಾರೆ. ಎಐ ಯಂತ್ರ ಮಾತು ಕಟ್ಟುವುದು ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂಬ ಲೆಕ್ಕದಿಂದ. ಹಾಗಾಗಿ ಅದು ಸಲೀಸಾಗಿ ಕೊಡುವುದು ಎಲ್ಲರ ಮೊದಲ ಉತ್ತರವನ್ನು. ಮನೆಯ ಎಮ್ಮೆ, ಮುತ್ಯಾನ ಪಾಲು, ಕಾಕಾನ ಒದ್ದೆ ಟವೆಲ್ ಅದಕ್ಕೆ ಗೊತ್ತಿರಲು ಸಾಧ್ಯವಿಲ್ಲ. ವಿದ್ಯಾರ್ಥಿಯ ಬದಲು ಅದು ಬರೆದುಕೊಟ್ಟರೆ ಹಾಳೆ ತುಂಬುತ್ತದೆ, ವಿದ್ಯಾರ್ಥಿಗೆ ತನ್ನ ಬಗ್ಗೆ ಏನೂ ತಿಳಿಯುವುದಿಲ್ಲ.

ಎಳ್ಳ ಅಮಾವಾಸ್ಯೆಯ ದಿನ ಈ ಸೀಮೆಯ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ರೊಟ್ಟಿ, ಕಡಬು ಉಂಡು ಬರುತ್ತಾರೆ. ಹಿರಿಯರು, ಮಕ್ಕಳು, ಬೀಗರು ಒಂದೇ ಕಡೆ ಕೂರುವ ಆ ದಿನ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇರಲಿ. ಮನೆಯ ಹೆಂಗಸರಿಗೆ ಗೊತ್ತಿರುವ ಒಡಪುಗಳನ್ನು ಕೇಳಿ ಬರೆದುಕೊಳ್ಳಿ. ಯಾರು ಯಾರಿಂದ ಕಲಿತರೆಂಬುದೂ ದಾಖಲಾಗಲಿ. ಆಮೇಲೆ ಪ್ರತಿಯೊಬ್ಬರಿಗೂ ಪಕ್ಕದಲ್ಲಿ ಕೂತವರ ಒಂದು ಅಭ್ಯಾಸವನ್ನು ಎರಡು ಸಾಲಿನಲ್ಲಿ ಹೇಳಲು ಕೇಳಿ. ಬೆಳ್ಳಿ, ಬಂಗಾರ, ಮಲ್ಲಿಗೆ ಮಾತ್ರ ಬರಕೂಡದು.